ಮೂರು ಗಂಟೆ ಹಿಂದಿದ್ದ ಗಡಿಯಾರ

"ಇದನ್ನ ನಿಮಗೆ ಕೊಡಲ್ಲ."

ರೇಡಿಯೋ ಅಂಗಡಿಯವನು ಹೀಗಂದಾಗ ಅವಳ ಕೈ ಆಗಲೇ ಪರ್ಸಿನೊಳಗಿತ್ತು. ಕಪಾಟಿನ ಮೇಲಿನ ಸಾಲಿನಲ್ಲಿ ಬೆಳ್ಳಿ ಬಣ್ಣದ ಹಿಡಿ, ಉದ್ದನೆಯ ಏರಿಯಲ್, ಹತ್ತಾರು ಗುಂಡಿಗಳನ್ನಿಟ್ಟುಕೊಂಡು ಮೆರೆಯುತ್ತಿದ್ದ ಆ ದೊಡ್ಡ, ದೂರದೇಶದ ಸ್ಟೇಷನ್ ಹಿಡಿಯುವ ಶಾರ್ಟ್‌ವೇವ್ ರೇಡಿಯೋ ಅವಳಿಗೆ ನೋಡಿದ ಕೂಡಲೇ ಹಿಡಿಸಿಬಿಟ್ಟಿತ್ತು.

"ಕೊಡಲ್ಲ ಅಂದ್ರೆ? ಮಾರೋಕೆ ತಾನೇ ಇಟ್ಟಿರೋದು?"

"ಮಾರೋಕೇ. ಆದ್ರೆ ನೀವು ಅದರ ಮುಖ ನೋಡಿ ಕೇಳ್ತಿದ್ದೀರಿ. ನಿಮಗೆ ಏನು ಕೇಳಬೇಕು, ಎಲ್ಲಿಟ್ಟು ಕೇಳ್ತೀರಿ... ಅದು ಗೊತ್ತಾಗದೆ ಹೇಗೆ ಕೊಡ್ಲಿ? ನಾಲ್ಕು ದಿನ ಗೊರಗೊರ ಅನ್ನೋ ಸದ್ದು ಕೇಳಿ ಅಟ್ಟಕ್ಕೆ ಎಸೀತೀರಿ."

'ಎಂಥಾ ಕೊಬ್ಬು!' ಅಂದುಕೊಂಡಳು. ಆದರೆ ಅವನ ಕಣ್ಣಲ್ಲಿ ಕೊಬ್ಬಿರಲಿಲ್ಲ, ಬೆಕ್ಕಿನ ಮರಿಯನ್ನು ಯಾರಿಗೋ ಸಾಕಲು ಕೊಡುವವನ ಕಾಳಜಿ ಇತ್ತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವಳು ಅದೇ ಬೀದಿಯ ವಾಚ್ ರಿಪೇರಿ ಅಂಗಡಿಯವಳು. ಅಪ್ಪನ ಪಕ್ಕದ ಮೇಜಿನಲ್ಲಿ ಕೂತು ಹನ್ನೊಂದು ವರ್ಷದಿಂದ ವಾಚುಗಳ ಹೊಟ್ಟೆ ಬಿಚ್ಚುತ್ತಿದ್ದಾಳೆ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುತ್ತಾಳೆ, ಬೇರೆಯವರೂ ಇರಬೇಕು ಅನ್ನುತ್ತಾಳೆ. ಹಾಗಾಗಿ ಬೀದಿಯವರಿಗೆಲ್ಲ ಅವಳು 'ಅಲಾರಂ'. ಹಿಂದೊಮ್ಮೆ ಮದುವೆ ಮಾತಿಗೆ ಅಂತ ಹೋಟೆಲಿಗೆ ಕರೆದವನೊಬ್ಬ ಎರಡು ಗಂಟೆ ತಡವಾಗಿ ಬಂದು ಹಲ್ಲು ಕಿರಿದಾಗ ಟೀ ಕೂಡ ಮುಗಿಸದೆ ಎದ್ದು ಬಂದಿದ್ದಳು. ಮನಸ್ಸಿದ್ದವನು ಸಮಯಕ್ಕೆ ಬರುತ್ತಾನೆ, ಬರದವನಿಗೆ ಮನಸ್ಸಿಲ್ಲ. ಅವಳ ಲೆಕ್ಕ ಅಷ್ಟು ಸರಳ.

"ಬರೀ ಟೈಮ್ ಹೇಳೋ ಸ್ಟೇಷನ್ ಒಂದಿದೆಯಂತಲ್ಲ, ಎಲ್ಲೋ ದೂರ ದೇಶದ್ದು," ಅಂದಳು, ಸಿಟ್ಟು ನುಂಗಿಕೊಂಡು. "ಸೆಕೆಂಡಿಗೊಂದು ಟಿಕ್ ಅನ್ನುತ್ತಂತೆ. ಅದನ್ನ ಕೇಳ್ಬೇಕು. ಇಡೀ ದಿನ ನನ್ನ ಕಣ್ಣಿಗೆ ಕೆಲಸ, ಕಿವಿಗೆ ರಜೆ. ಹಾಗೇ ದೂರದ ಹಾಡು, ಮಾತು... ಭಾಷೆ ಅರ್ಥವಾಗದಿದ್ರೂ ಪರವಾಗಿಲ್ಲ."

ಅವನ ಮುಖ ಅರಳಿತು. "ಆ ಸ್ಟೇಷನ್ ಹುಡುಕಿಕೊಂಡು ಬಂದ ಮೊದಲನೇ ಗಿರಾಕಿ ನೀವು."

ಕೌಂಟರಿನ ಮೇಲೆ ಒಂದು ದಪ್ಪ ಪುಸ್ತಕ ತೆರೆದಿತ್ತು. ಕೇಳಿದ ಸಮಯ, ಸ್ಟೇಷನ್, ದನಿಯ ಸ್ಪಷ್ಟತೆಗೆ ಐದಕ್ಕೆ ಎಷ್ಟು ಅಂಕ ಅಂತ ಗೆರೆ ಎಳೆದು ಬರೆದಿದ್ದ. ಅಲ್ಲಲ್ಲಿ ಒಂದೇ ಮಾತು: 'ಕೇಳಿಸಲಿಲ್ಲ. ನಾಳೆ ಮತ್ತೆ.'

"ಕೇಳಿಸದೇ ಇದ್ದಿದ್ದನ್ನೂ ಬರೀತೀರಾ?"

"ಮತ್ತೆ? ಕಾದಿದ್ದಂತೂ ನಿಜ ತಾನೇ?"

ಅವಳು ಪರ್ಸು ಮುಚ್ಚಿ ಆ ಸಾಲನ್ನು ಮತ್ತೊಮ್ಮೆ ಓದಿದಳು.

ಮರುದಿನ ಅವನು ಚಿಕ್ಕದೊಂದು ರೇಡಿಯೋ ಹಿಡಿದು ಅವಳ ಅಂಗಡಿಗೇ ಬಂದ. ಹಚ್ಚಿದರೆ ಬರೀ ಗುಂಯ್‌ಗುಡುವ ಸದ್ದು. ಮೇಜಿನ ದೀಪ ಆರಿಸಿದ, ಸದ್ದು ಸ್ವಲ್ಪ ಇಳಿಯಿತು. ಚಾರ್ಜರ್ ಕಿತ್ತ, ಇನ್ನಷ್ಟು ಇಳಿಯಿತು. ಬಿಡಿಭಾಗ ತೊಳೆಯುವ ಮಿಷನ್ ಆಫ್ ಮಾಡಿದಾಗ ದೂರದಿಂದ ಯಾರೋ ಹೆಂಗಸು ಹಾಡುವುದು ಕೇಳಿಸಿತು. ಅರೆಗತ್ತಲಲ್ಲಿ ಮೂವರೂ ರೇಡಿಯೋ ಕಡೆ ಬಾಗಿದರು.

"ಚೆನ್ನಾಗಿದೆಯಪ್ಪ," ಅಂದರು ಅವಳ ಅಪ್ಪ. "ಇನ್ನು ಅಂಗಡಿ ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕೇಳಿಸುತ್ತೆ, ಅಲ್ವಾ?"

ಅವಳು ನಗಲಿಲ್ಲ. ಅವಳ ಕಿವಿ ಬೇರೆ ಕಡೆಗಿತ್ತು. "ನಿಮ್ಮ ಕೈಗಡಿಯಾರ ಕುಂಟ್ತಿದೆ."

"ಏನು?"

"ಟಿಕ್ ಒಂದು ಉದ್ದ, ಒಂದು ಗಿಡ್ಡ. ಬಿಚ್ಚಿ ಕೊಡಿ." ಉತ್ತರಕ್ಕೂ ಕಾಯದೆ ಅವನ ಮಣಿಕಟ್ಟಿನಿಂದ ಪಟ್ಟಿ ಬಿಚ್ಚಿಕೊಂಡಳು. ಬಿಚ್ಚಿದ ಮೇಲೆ ತಾನು ಹಿಡಿದಿದ್ದು ಅವನ ಕೈ ಅಂತ ಅರಿವಾಗಿ ಕೆನ್ನೆ ಬಿಸಿಯಾಯಿತು.

'ಈ ಸದ್ದಿನ ನಡುವೆ ಇಷ್ಟು ಸಣ್ಣದನ್ನ ಕೇಳಿಸಿಕೊಂಡಳಲ್ಲ!' ಅಂತ ಗಡಿಯಾರ ಅವಳಲ್ಲೇ ಬಿಟ್ಟು ವಾಪಸಾಗುವ ದಾರಿಯುದ್ದಕ್ಕೂ ಅವನು ಬೆರಗಾಗಿದ್ದ. ಅದು ಅವಳಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಅವಳಿಗೆ ಅವನ ಅಂಗಡಿಗೆ ಹೋಗಲು ದಿನಕ್ಕೊಂದು ನೆವ ಸಿಗತೊಡಗಿತು. ಅಂಕಿ ಒತ್ತಿದರೆ ಸ್ಟೇಷನ್ ಹಿಡಿಯುವ ರೇಡಿಯೋ ಒಳ್ಳೆಯದೋ, ತಿರುಗಣೆಯದ್ದೋ? ತಂತಿ ಕಟ್ಟಬೇಕೋ, ಏರಿಯಲ್ಲೇ ಸಾಕೋ? ಎರಡು ನಿಮಿಷದ ಪ್ರಶ್ನೆಗೆ ಇಪ್ಪತ್ತು ನಿಮಿಷದ ಉತ್ತರ. ಅಪ್ಪ ಭೂತಗಾಜಿನ ಹಿಂದಿನಿಂದ ಒಂದು ಕಣ್ಣಲ್ಲಿ ನೋಡಿ, "ರೇಡಿಯೋ ಆರಿಸೋಕೆ ಇಷ್ಟು ದಿನ ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ," ಅನ್ನುವರು.

"ಅಂಗಡಿ ಬೀದೀಲಿ ಕೇಳಿ ಆರಿಸೋಕಾಗಲ್ಲ," ಅಂದ ಅವನು, ಶನಿವಾರ ಸಂಜೆ ತನ್ನ ಅಂಗಡಿಯಲ್ಲಿ. "ನೀರಿನ ಟ್ಯಾಂಕಿನ ಗುಡ್ಡದ ಮೇಲೆ ಕರೆಂಟಿನ ಕಾಟವಿಲ್ಲ. ನಾಳೆ ನಾಲ್ಕು ಗಂಟೆಗೆ ಬನ್ನಿ. ಮೂರು ಸೆಟ್ ತರ್ತೀನಿ. ಮತ್ತೆ..." ಏನೋ ಹೇಳಲು ಹೊರಟವನು ತಡವರಿಸಿದ. "ಮತ್ತೆ ಅಲ್ಲಿ ಮಾತಾಡೋಕೂ ಚೆನ್ನಾಗಿರುತ್ತೆ."

ಅವಳು ತಲೆಯಾಡಿಸಿದಳು. 'ನಾಳೆ ನಾನೂ ಹೇಳಿಬಿಡ್ತೀನಿ... ಹೇಳಲೇಬೇಕು.'

ಅವನು ಬ್ಯಾಟರಿ ಹುಡುಕಲು ಹಿತ್ತಿಲ ಕಡೆ ಹೋದ. ಆಗ ಒಳಗಿನ ಕಿಟಕಿಯಿಲ್ಲದ ರಿಪೇರಿ ಕೋಣೆಯ ಗೋಡೆ ಗಡಿಯಾರ ಅವಳ ಕಣ್ಣಿಗೆ ಬಿತ್ತು. ಸರಿಯಾಗಿ ಮೂರು ಗಂಟೆ ಹಿಂದೆ!

'ಅಯ್ಯೋ ಪಾಪ... ಊರಿಗೆಲ್ಲ ರೇಡಿಯೋ ಸರಿ ಮಾಡ್ತಾನೆ, ತನ್ನ ಗಡಿಯಾರ ನೋಡಿಕೊಳ್ಳೋರಿಲ್ಲ.' ಸ್ಟೂಲ್ ಹತ್ತಿ, ಮುಳ್ಳು ತಿರುಗಿಸಿ, ಸೆರಗಿನಿಂದ ಗಾಜೊರೆಸಿ ಇಳಿದಳು. ಹೇಳಲಿಲ್ಲ. ತಾನಾಗೇ ಗಮನಿಸಿ ಖುಷಿಪಡಲಿ ಅಂತ.

ನಮ್ಮ ಅಲಾರಂ ಎಡವಿದ್ದು ಇಲ್ಲೇ.

ಭಾನುವಾರ ಮೋಡ ಕವಿದಿತ್ತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಅವಳು ಗುಡ್ಡದ ಕಲ್ಲುಬೆಂಚಿನ ಮುಂದಿದ್ದಳು. ಅವನ ಕೈಗಡಿಯಾರ ರಿಪೇರಿಯಾಗಿ, ಹೊಸ ಪಟ್ಟಿಯೊಂದಿಗೆ ಅವಳ ಚೀಲದಲ್ಲಿತ್ತು.

ನಾಲ್ಕಾಯಿತು. ನಾಲ್ಕೂಕಾಲಾಯಿತು. ಫೋನ್ ಮಾಡಿದರೆ ಆಫ್. ರೇಡಿಯೋಗೆ ಅಡ್ಡಿ ಅಂತ ಅವನು ಅದನ್ನು ತವರದ ಡಬ್ಬಿಯಲ್ಲಿಡುವುದು ಅವಳಿಗೆ ಗೊತ್ತಿತ್ತು. ಆದರೂ ಇನ್ನೆರಡು ಸಲ ಮಾಡಿದಳು.

ಐದು... ಐದೂವರೆ.

'ಇವನೂ ಅಷ್ಟೇ.'

ಅಂಥ ಹುಡುಗಿ, ವಾಚಿನ ಕಣ್ಣಿಗೆ ಕಾಣದ ಸ್ಕ್ರೂ ಕಳೆದರೂ ಅಳದವಳು, ಗುಡ್ಡ ಇಳಿಯುವಾಗ ಎರಡು ಸಲ ಕಣ್ಣೊರೆಸಿಕೊಂಡಳು. ಮನೆಗೆ ಬಂದು ಅವನ ಗಡಿಯಾರವನ್ನು ಲಕೋಟೆಗೆ ಹಾಕಿ ಅಪ್ಪನ ಮೇಜಿನ ಮೇಲಿಟ್ಟಳು. "ಬಂದ್ರೆ ಕೊಟ್ಟು ಕಳಿಸಿ. ನನ್ನನ್ನ ಕರೀಬೇಡಿ."

ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕಂಕುಳಲ್ಲಿ ಆ ಗೋಡೆ ಗಡಿಯಾರ.

ಅವಳು ತನ್ನ ಮೇಜಿಗೆ ಹೋಗಿ ಕೂತು, ತಲೆ ಎತ್ತದೆ ಚಿಮಟ ಹಿಡಿದಳು. ಕಿವಿ ಮಾತ್ರ ಕೌಂಟರಿನಲ್ಲಿತ್ತು.

"ಇದಕ್ಕೆ ತಲೆ ಕೆಟ್ಟಿದೆ ಸಾರ್," ಅಂದ ಅವಳ ಅಪ್ಪನಿಗೆ. "ಮೂರು ಗಂಟೆ ಮುಂದೆ ಓಡಿಬಿಟ್ಟಿದೆ."

ಅಪ್ಪ ಗಡಿಯಾರ ನೋಡಿದರು, ತಮ್ಮ ಗೋಡೆಯ ಮೇಲಿನದನ್ನೂ ನೋಡಿದರು. "ಸರಿಯಾಗೇ ಇದೆಯಲ್ಲಪ್ಪ."

"ಸರಿಯಾಗಿರೋದೇ ತೊಂದರೆ ಸಾರ್! ಒಂದೊಂದು ದೇಶಕ್ಕೆ ಒಂದೊಂದು ಟೈಮ್ ಅಲ್ವಾ, ನಾನು ದಿನಾ ಕೇಳೋ ಸ್ಟೇಷನ್ನಿನ ದೇಶದ ಟೈಮೇ ಇದಕ್ಕೆ ಇಟ್ಟಿರ್ತೀನಿ. ಅದು ನಮ್ಮೂರಿಗಿಂತ ಮೂರು ಗಂಟೆ ಹಿಂದೆ. ನಂಗೆ ಮೂರು ಕೂಡಿಸಿ ಓದೋದೇ ಅಭ್ಯಾಸ. ನನ್ನ ವಾಚು ಇಲ್ಲಿದೆ, ಫೋನು ಡಬ್ಬೀಲಿ. ನಿನ್ನೆ ಕೆಲಸದಲ್ಲಿ ಮುಳುಗಿದ್ದೆ. ತಲೆ ಎತ್ತಿದ್ರೆ ಇದು ಹನ್ನೆರಡೂವರೆ ತೋರಿಸ್ತಿದೆ. ಓ, ಮೂರೂವರೆ ಆಯ್ತು ಅಂತ ಊಟ ಬಿಟ್ಟು ಗುಡ್ಡಕ್ಕೆ ಓಡಿದೆ."

ಚಿಮಟದಿಂದ ಸ್ಕ್ರೂ ಜಾರಿ ಎಲ್ಲೋ ಬಿತ್ತು. ಅವಳು ಹುಡುಕಲಿಲ್ಲ.

"ಒಂದು ಗಂಟೆಗೇ ಹೋಗಿ ಕೂತಿದ್ದೀನಿ ಸಾರ್. ಎರಡು ಗಂಟೆ ಕಾದೆ. ಬರಲ್ಲ ಅಂದುಕೊಂಡು ಇಳಿದು ಬಂದೆ. ಸಂಜೆ ದಿನಾ ಸಿಗೋ ಸ್ಟೇಷನ್ ಸಿಗದೇ ಇದ್ದಾಗ ಇದು ಮುಂದಿದೆ ಅಂತ ಗೊತ್ತಾಯ್ತು. ಅವರು ನಾಲ್ಕಕ್ಕೆ ಸರಿಯಾಗಿ ಬಂದಿರ್ತಾರೆ... ನಾನಿಲ್ಲದೆ ಹೋಗಿರ್ತಾರೆ. ಈ ದರಿದ್ರ ಗಡಿಯಾರ ನಂಗೆ..."

"ಅದನ್ನ ಬೈಬೇಡಿ."

ಇಬ್ಬರೂ ತಿರುಗಿದರು. ಅವಳು ಎದ್ದು ನಿಂತಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ಗಡಿಯಾರದ ತಲೆಗೆ ಹೋಗುತ್ತಿತ್ತು, ಬೀದಿಯಲ್ಲಿ ಅವಳ ಹೆಸರು ಉಳಿಯುತ್ತಿತ್ತು. ಆದರೆ ಎರಡು ಗಂಟೆ ಹಸಿದು ಕಾದವನ ಮುಂದೆ ಹೆಸರಿನದೇನು?

"ಅದು ಕೆಟ್ಟಿಲ್ಲ. ಶನಿವಾರ ನಾನೇ ತಿರುಗಿಸಿದ್ದು. ಹಿಂದಿದೆ ಅಂತ... ಪಾಪ ಅನ್ನಿಸ್ತು."

ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ಗಡಿಯಾರ ನೋಡಿ ಪಾಪ ಅನ್ನಿಸ್ತಾ?"

"ಗಡಿಯಾರದವರನ್ನ ನೋಡಿ," ಅಂದಳು ತಲೆ ತಗ್ಗಿಸಿ. "ತಪ್ಪು ನನ್ನದು. ಮಾಡಿದ್ದೂ ನಾನೇ, ನಿಮ್ಮ ಮೇಲೆ ಸಿಟ್ಟಾಗಿದ್ದೂ ನಾನೇ."

ಅಪ್ಪ ಕೆಮ್ಮಿದರು. "ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಗಡಿಯಾರ ಕೆಡಿಸಿದ್ದಾಳೆ, ಅದೂ ಸರಿ ಮಾಡಿ. ಇವತ್ತು ನಾಲ್ಕಕ್ಕೆ ಇಬ್ಬರೂ ಹೋಗಿ. ಒಟ್ಟಿಗೇ ಹೋಗಿ, ಟೈಮಿನ ಗೋಜೇ ಬೇಡ."

ಗುಡ್ಡದ ಮೇಲೆ ಗಾಳಿ ಹಿತವಾಗಿತ್ತು. ಅವಳು ಅವನ ಮಣಿಕಟ್ಟಿಗೆ ಗಡಿಯಾರ ಕಟ್ಟಿದಳು.

"ನೆತ್ತಿ ಮೇಲೆ ಸೂರ್ಯ ಇದ್ದಿದ್ದು ಕಾಣಿಸಲಿಲ್ವಾ ನಿಮಗೆ?"

"ಮೋಡ ಇತ್ತು. ಅದೂ ಅಲ್ದೆ ನಾನು ನೋಡ್ತಿದ್ದಿದ್ದು ದಾರಿ, ಆಕಾಶ ಅಲ್ಲ."

"ಮೂರು ರೇಡಿಯೋ ಇತ್ತಲ್ಲ, ಒಂದು ಹಚ್ಚಿದ್ರೂ ಟೈಮ್ ಹೇಳ್ತಿತ್ತು."

"ಹಚ್ಚಿದ್ರೆ ನಿಮ್ಮ ಹೆಜ್ಜೆ ಸಪ್ಪಳ ಕೇಳಿಸ್ತಿರಲಿಲ್ಲ."

ಅವಳು ನಕ್ಕು ರೇಡಿಯೋಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮೊದಲು ಬೆಳ್ಳಿ ಹಿಡಿಯದ್ದು. ನೋಡಲು ರಾಜ, ದನಿ ಮಾತ್ರ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಎರಡನೆಯದರಲ್ಲಿ ಅಂಕಿ ಒತ್ತಿದ ಕೂಡಲೇ ಸ್ಟೇಷನ್ ಬಂತು, ಚೊಕ್ಕವಾಗಿ. ಮೂರನೆಯದು ಹಳೆಯದು, ಮೂಲೆ ಸವೆದಿದ್ದು, ಒಂದು ದೊಡ್ಡ ತಿರುಗಣೆ ಅಷ್ಟೇ. ಅವಳು ಬೆರಳಿಟ್ಟು ಕೂದಲೆಳೆಯಷ್ಟು ತಿರುಗಿಸಿದಳು. ಇನ್ನೊಂದು ಎಳೆ...

ಟಿಕ್. ಟಿಕ್. ಟಿಕ್.

ಸಮುದ್ರಗಳಾಚೆಯಿಂದ ಒಂದೊಂದೇ ಸೆಕೆಂಡು ನಡೆದು ಬರುತ್ತಿತ್ತು. ಅವಳ ಕಣ್ಣು ತುಂಬಿತು. "ಇದು. ನಂಗೆ ಇದೇ ಬೇಕು. ಬೆರಳಿಗೆ ಸಿಗುತ್ತೆ."

"ಇದನ್ನ ನಿಮಗೆ ಕೊಡಲ್ಲ."

"ಮತ್ತೆ ಶುರು ಮಾಡಿದ್ರಾ?"

"ಅದು ಅಂಗಡಿದಲ್ಲ, ನನ್ನದು. ಹೋಲಿಸಿ ನೋಡೋಕೆ ತಂದಿದ್ದು. ನಾನಿರೋ ಮನೇಲೇ ಇರಬೇಕು ಅದು." ಅವನು ರೇಡಿಯೋದ ಸವೆದ ಮೂಲೆ ಸವರಿದ. "ಬೇಕೇ ಬೇಕು ಅಂದ್ರೆ... ನೀವೂ ಅದೇ ಮನೇಲಿ ಇರ್ಬೇಕಾಗುತ್ತೆ. ಇದನ್ನೇ ನಿನ್ನೆ ಹೇಳೋಣ ಅಂತಿದ್ದೆ."

ಅವಳು ಬೆಂಚಿನ ಮೇಲಿದ್ದ ಅವನ ದಪ್ಪ ಪುಸ್ತಕ ಎಳೆದುಕೊಂಡಳು. ನಿನ್ನೆಯ ಸಾಲಿನಲ್ಲಿ ಸ್ಟೇಷನ್ ಹೆಸರಿರುವ ಜಾಗದಲ್ಲಿ 'ಅಲಾರಂ' ಅಂತಿತ್ತು. ಪಕ್ಕದಲ್ಲಿ: 'ಕೇಳಿಸಲಿಲ್ಲ. ನಾಳೆ ಮತ್ತೆ.'

ಅವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಅವನ ಜೇಬಿನಿಂದ ಪೆನ್ನು ತೆಗೆದು ಕೆಳಗಿನ ಸಾಲಿನಲ್ಲಿ ಬರೆದಳು: 'ಕೇಳಿಸಿತು. ಐದಕ್ಕೆ ಐದು.'

ಅವನು ಓದಿದ. ಮತ್ತೊಮ್ಮೆ ಓದಿದ. ನಗು ತಡೆಯಲಾರದೆ ಬೆರಳು ತೋರಿಸಿದ. "ಸಮಯದ ಕಾಲಂ ಖಾಲಿ ಬಿಟ್ಟಿದ್ದೀರಲ್ಲ... ಅಲಾರಂ ಅವರೇ, ಗಂಟೆ ಎಷ್ಟು ಈಗ?"

ಅವಳು ಅವನ ಭುಜಕ್ಕೆ ತಲೆಯಿಟ್ಟಳು.

"ಗೊತ್ತಿಲ್ಲ. ನಾನು ನೋಡ್ಲಿಲ್ಲ."