ಕಾಣೆಯಾದ ನಾನೂರು ಜಿಬಿ

2026ರ ಜನವರಿ 19, ಸೋಮವಾರ. ಬೆಳಿಗ್ಗೆ 10.20ಕ್ಕೆ ಸುಳ್ಯ ಠಾಣೆಗೆ ಬಂದ ಸುಲೈಮಾನ್ ಮೇಜಿನ ಮೇಲೊಂದು ಹಾರ್ಡ್ ಡಿಸ್ಕ್ ಇಟ್ಟರು. ಪೇಟೆಯಲ್ಲಿ ಮದುವೆ ವಿಡಿಯೊ ಸ್ಟುಡಿಯೊ ನಡೆಸುವವರು.

"ಇದು ನನ್ನ ಡಿಸ್ಕೇ ಅಲ್ಲ ಮೇಡಂ. ನನ್ನದು ಒಂದು ಟಿಬಿ. ಮೊನ್ನೆ ಶನಿವಾರ ಫಾರ್ಮ್ಯಾಟ್ ಮಾಡಿ ನೋಡಿದ್ರೆ ಅರ್ಧವೇ ಉಂಟು! ಕಂಪ್ಯೂಟರ್ ರಿಪೇರಿಗೆ ಕೊಟ್ಟಿದ್ದೆ, ಆ ರೂಪೇಶ್ ಬದಲಿಸಿದ್ದಾನೆ. ಯಾರ್ಯಾರದೋ ಮದುವೆ ಅದ್ರಲ್ಲಿತ್ತು. ಊರಿಡೀ ಹಂಚಿದ್ರೆ ನಾನು ಅಂಗಡಿ ಮುಚ್ಚುದೇ."

ಇನ್‌ಸ್ಪೆಕ್ಟರ್ ವಾಸಂತಿ ಎಫ್‌ಐಆರ್ ದಾಖಲಿಸಿದರು. ಕಂಪ್ಯೂಟರ್ ಬಲ್ಲ ಕಾನ್‌ಸ್ಟೆಬಲ್ ಭವಿತ್ ಡಿಸ್ಕನ್ನು ಜೋಡಿಸಿ ಹುಬ್ಬೇರಿಸಿದ.

"531 ಜಿಬಿ ಮೇಡಂ. ವಿಚಿತ್ರ."

"ಎಂತ ವಿಚಿತ್ರ?"

"ಒಂದು ಟಿಬಿಯದ್ದು 931 ತೋರಿಸ್ತದೆ. 500ರದ್ದು 465. ಈ 531ರ ಡಿಸ್ಕನ್ನು ಯಾರೂ ಮಾಡುದೇ ಇಲ್ಲ."

ವಾಸಂತಿ ಡಿಸ್ಕಿನ ಕ್ರಮಸಂಖ್ಯೆಯನ್ನು ಸುಲೈಮಾನ್ ತಂದಿದ್ದ ಹಳೆಯ ಬಿಲ್ಲಿನೊಂದಿಗೆ ತಾಳೆ ನೋಡಿದರು. ಎರಡೂ ಒಂದೇ. ವಸ್ತು ಇದ್ದಲ್ಲೇ ಇದ್ದು ಅದರೊಳಗಿನ ಜಾಗ ಮಾತ್ರ ಕಳವಾದ ಪ್ರಕರಣ ಹದಿನೆಂಟು ವರ್ಷಗಳ ಸೇವೆಯಲ್ಲಿ ಅವರಿಗೆ ಇದೇ ಮೊದಲು.

ಮಧ್ಯಾಹ್ನ 2.15ಕ್ಕೆ ಸ್ಟುಡಿಯೊದಲ್ಲಿ ಪಂಚನಾಮೆ ಆರಂಭವಾಯಿತು. ಭವಿತ್ ಡಿಸ್ಕನ್ನು ಅಲ್ಲಿನ ಕಂಪ್ಯೂಟರಿಗೆ ಮತ್ತೆ ಜೋಡಿಸಿ, ಡಿಸ್ಕನ್ನು ಭಾಗ ಮಾಡುವ ತಂತ್ರಾಂಶ ತೆರೆದ. ಪರದೆಯಲ್ಲಿ 'ಡಿ' ಡ್ರೈವಿನ ಪಕ್ಕ ಹೆಸರಿಲ್ಲದ ಇನ್ನೊಂದು ಭಾಗ.

"ಡ್ರೈವಿನ ಅಕ್ಷರ ತೆಗೆದಿದ್ದಾರೆ. ಹಾಗೆ ಮಾಡಿದ್ರೆ ಕಾಣುದಿಲ್ಲ. ಡಿ ಡ್ರೈವ್ ಫಾರ್ಮ್ಯಾಟ್ ಮಾಡಿದ್ರೂ ಇದಕ್ಕೆ ತಾಗುದಿಲ್ಲ. ಗಾತ್ರ 4,09,600 ಎಂಬಿ, ಅಂದ್ರೆ ಸರಿಯಾಗಿ 400 ಜಿಬಿ. ತುಂಬಿದ್ದು 37 ಮಾತ್ರ."

ಕಂಪ್ಯೂಟರಿನ ದಾಖಲೆಯ ಪ್ರಕಾರ ಆ ಭಾಗ ಆದದ್ದು ಜನವರಿ 16, ಶುಕ್ರವಾರ, ಮಧ್ಯಾಹ್ನ 12.58ಕ್ಕೆ. ರೂಪೇಶ್ ಕಂಪ್ಯೂಟರನ್ನು ಹಿಂದಿರುಗಿಸಿದ್ದು 12ರಂದು.

"ಆ ಹೊತ್ತಿಗೆ ನೀವೆಲ್ಲಿದ್ರಿ?"

"ಜುಮಾ ನಮಾಜಿಗೆ ಹೋಗಿದ್ದೆ."

"ಇಲ್ಲಿ ಯಾರಿದ್ರು?"

ಸುಲೈಮಾನ್ ಮೂಲೆಯ ಕುರ್ಚಿಯತ್ತ ತಿರುಗಿದರು. ಆರು ವರ್ಷಗಳಿಂದ ಅಲ್ಲಿ ಎಡಿಟಿಂಗ್ ಮಾಡುತ್ತಿದ್ದ ತೃಪ್ತಿ ಹೆಡ್‌ಫೋನ್ ಕೆಳಗಿಟ್ಟಳು.

"ನನಗೆ 40 ಜಿಬಿ ಸಾಕಿತ್ತು ಮೇಡಂ. ಅಲ್ಲಿ ಎಂಬಿ ಲೆಕ್ಕದಲ್ಲಿ ಬರೀಬೇಕು. ಅವಸರದಲ್ಲಿ ಒಂದು ಸೊನ್ನೆ ಜಾಸ್ತಿ ಬಿತ್ತು."

"ನೀನಾ ಮಾರಾಯ್ತಿ! ಆ ರೂಪೇಶನಿಗೆ ನಾನು ಬೈಯದ ಬೈಗುಳ ಇಲ್ಲ!"

ಭವಿತ್ ಮೊದಲ ಕಡತ ತೆರೆದ. ಐವರ್ನಾಡಿನ ಮದುವೆ, ದಿಬ್ಬಣದ ಮುಂದೆ ಸ್ಯಾಕ್ಸೊಫೋನ್ ಊದುತ್ತ ಬರುತ್ತಿರುವ ಬಿಳಿಗೂದಲಿನ ಮನುಷ್ಯ. ಅಷ್ಟರಲ್ಲಿ ಕ್ಯಾಮೆರಾ ವರನತ್ತ ತಿರುಗಿತು. ಎರಡನೆಯದು ಕೋಡಿಂಬಾಳದ್ದು, ಮೂರನೆಯದು ಸುಬ್ರಹ್ಮಣ್ಯದ್ದು. ಎಡಿಟ್ ಆಗದ, ಮೂಲ ಶಬ್ದವಿದ್ದ ಒಟ್ಟು 214 ತುಣುಕುಗಳು. ಎಲ್ಲದರಲ್ಲೂ ಅದೇ ಮನುಷ್ಯ, ಚೌಕಟ್ಟಿನ ಅಂಚಿನಲ್ಲಿ.

"ಯಾರಿವರು?"

"ಅಪ್ಪ. ಡೊಂಬಯ್ಯ. ಹೋದ ಜೂನಲ್ಲಿ ತೀರಿಕೊಂಡ್ರು. ಅವರು ಊದುದನ್ನು ಮನೆಯಲ್ಲಿ ಯಾರೂ ವಿಡಿಯೊ ಮಾಡ್ಲಿಲ್ಲ. ಶನಿವಾರ ಡಿಸ್ಕ್ ಫಾರ್ಮ್ಯಾಟ್ ಆದ್ರೆ ಇದೂ ಹೋಗ್ತಿತ್ತು."

"ನನ್ನಲ್ಲಿ ಕೇಳ್ಬಾರ್ದಿತ್ತಾ?" ಸುಲೈಮಾನರ ದನಿ ಇಳಿದಿತ್ತು.

"ಕೇಳಿದ್ದೆ ಸಾಯಬ್ರೆ. ಗಿರಾಕಿಗಳದ್ದು ಒಂದು ತುಂಡೂ ಹೊರಗೆ ಹೋಗ್ಲಿಕ್ಕಿಲ್ಲ ಅಂದ್ರಿ. ಹೊರಗೆ ಹೋಗ್ಲಿಲ್ಲ ಅಲ್ವಾ?"

ಸುಲೈಮಾನ್ ವಾಸಂತಿಯತ್ತ ತಿರುಗಿದರು. "ಕೇಸು ಬೇಡ ಮೇಡಂ."

"ಎಫ್‌ಐಆರ್ ಆಗಿದೆ. ಇನ್ನು ಬೇಡ ಅನ್ನುದು ಕೋರ್ಟಲ್ಲಿ."

ಕಳವಿನ ಕಲಂ ಕೈಬಿಟ್ಟು, ಅನುಮತಿಯಿಲ್ಲದೆ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಹಾಕಲಾಯಿತು. ಸಂಜೆ 5.10ಕ್ಕೆ ತೃಪ್ತಿಯ ಬಂಧನ, ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಹೇಳಿಕೆಯ ಕೊನೆಗೆ ತೃಪ್ತಿ ಒಂದು ಮಾತು ಸೇರಿಸಿದಳು: "ಎಡಿಟಿಂಗಲ್ಲಿ ವಾದ್ಯದ ಶಬ್ದ ತೆಗೆದು ಸಿನಿಮಾ ಹಾಡು ಹಾಕುದು ಕ್ರಮ. ಆರು ವರ್ಷ ಅಪ್ಪನ ಶಬ್ದ ತೆಗೆದದ್ದು ನಾನೇ."

ಭವಿತ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದ. ತೃಪ್ತಿ ಅದನ್ನೇ ನೋಡುತ್ತಿದ್ದಳು.

"ಇನ್ನು ಇದನ್ನು ಯಾರೂ ಫಾರ್ಮ್ಯಾಟ್ ಮಾಡ್ಲಿಕ್ಕಿಲ್ವಾ ಮೇಡಂ?"

"ಕೋರ್ಟು ಹೇಳುವ ತನಕ ಯಾರೂ ಮುಟ್ಟುವ ಹಾಗಿಲ್ಲ."

ಅವಳು ಬಂಧನ ಪತ್ರವನ್ನು ಎಳೆದುಕೊಂಡು, ಓದದೆಯೇ ಸಹಿ ಮಾಡಿದಳು.