ಅರ್ಧ ತಿರುಗಿಸಿದ ಚಾವಿ

ಇದು ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಕಥೆ. ಅನುಮಾನ ಇದ್ದವರು ಬಂದು ಬಾನೆಟ್ ಎತ್ತಿ ನೋಡಬಹುದು.

ಭಾನುವಾರ ಬೆಳಿಗ್ಗೆ ಡಾಕ್ಟ್ರ ಫೋನು ಬಂತು. ನನ್ನ ಡಾಕ್ಟ್ರು ಹಲ್ಲಿನ ಡಾಕ್ಟ್ರು. ದವಡೆ ನೋವೆಂದು ತೋರಿಸಲು ಹೋದವನು ಹಲ್ಲು ಉಳಿಸಿಕೊಂಡು ಮನಸ್ಸು ಕಿತ್ತುಕೊಟ್ಟು ಬಂದಿದ್ದೆ.

"ಕಾರು ಸ್ಟಾರ್ಟ್ ಆಗ್ತಿಲ್ಲ. ‘ವೋಲ್ಟ್ ಮೀಟರ್ ಇಟ್ಕೊಂಡಿದಾನಲ್ಲ, ನಿನ್ನ ಪೇಷೆಂಟು, ಅವನನ್ನ ಕರಿ’ ಅಂತಿದಾರೆ ಅಪ್ಪ."

"ನಾನು ಕಾಲೇಜಿನ ಲ್ಯಾಬ್‌ನವನು ಡಾಕ್ಟ್ರೇ, ಮೆಕ್ಯಾನಿಕ್ ಅಲ್ಲ."

"ಗೊತ್ತು, ಬಾ. ಇವತ್ತು ಅಪ್ಪನ ಮುಂದೆ ಬಾಯಿ ಬಿಡ್ತೀಯ. ಇಲ್ಲಾಂದ್ರೆ ಸಂಜೆಯಿಂದ ಫೋನ್ ಮಾಡ್ಬೇಡ. ಊರವರ ಬಾಯೆಲ್ಲ ಬಿಡಿಸ್ತೀನಿ, ನಿನ್ನೊಬ್ಬನದು ಮಾತ್ರ ಆಗ್ತಿಲ್ಲ!"

ನನಗೆ ಎಲ್ಲರ ದನಿಯೂ ಬರುತ್ತದೆ. ಪ್ರಿನ್ಸಿಪಾಲರ ಕೆಮ್ಮು ಬರುತ್ತದೆ, ಲ್ಯಾಬಿನ ಹಳೇ ಫ್ಯಾನಿನ ಗೊಣಗಾಟ ಬರುತ್ತದೆ. ಅವಳಪ್ಪನದಂತೂ ನೀರು ಕುಡಿದಷ್ಟು ಸಲೀಸು. ಅವರು ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸು ಹೊರಡುವ ಹೊತ್ತು ಕೂಗಿಯೇ ನಿವೃತ್ತರಾದವರು. ಊಟಕ್ಕೆ ಕೂತಾಗ ಉಪ್ಪು ಕೇಳುವುದೂ ಅದೇ ಧಾಟಿಯಲ್ಲಿ: "ದಯವಿಟ್ಟು ಗಮನಿಸಿ..." ದಿನಾ ಸಂಜೆ ಫೋನಿನಲ್ಲಿ ಅದನ್ನು ಮಾಡಿ ತೋರಿಸಿ ಅವಳನ್ನು ನಗಿಸುವುದೇ ನನ್ನ ಕಸುಬು.

ಬರದಿದ್ದದ್ದು ಒಂದೇ: ನನ್ನ ಸ್ವಂತ ದನಿಯಲ್ಲಿ "ನಿಮ್ಮ ಮಗಳು ನಂಗಿಷ್ಟ" ಎನ್ನುವುದು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದಾಗಲೆಲ್ಲ ನಮ್ಮ ಪ್ರಿನ್ಸಿಪಾಲರೇ ಪ್ರಪೋಸ್ ಮಾಡಿದ ಹಾಗೆ ಕೇಳಿಸುತ್ತಿತ್ತು.

ಅವರ ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಕೂತೆ, ಅವಳಪ್ಪ ಪಕ್ಕದಲ್ಲೇ ನಿಂತರು. ಚಾವಿ ತಿರುಗಿಸಿದೆ. ಟಿಕ್ ಟಿಕ್ ಟಿಕ್. ಹೆಡ್‌ಲೈಟು ನಿದ್ದೆಗಣ್ಣು ಬಿಟ್ಟು ಮುಚ್ಚಿತು. ಬಾನೆಟ್ ಎತ್ತಿ ಮೀಟರ್ ಹಚ್ಚಿದರೆ, ಹನ್ನೆರಡು ವೋಲ್ಟಿನ ಮೇಲಿರಬೇಕಾದ ಮುಳ್ಳು ಒಂಬತ್ತರ ಹತ್ತಿರ ಒರಗಿತ್ತು. ವೈರು ಕಚ್ಚಿಸಿದಲ್ಲಿ ಬಿಳಿ, ಹಸಿರು ಪುಡಿ.

"ಪಾಚಿ ಕಟ್ಟಿದೆ ಸರ್," ಅಂದೆ.

"ಪಾಚಿನಾ? ಅದು ನನ್ನ ಡಿಪಾರ್ಟ್‌ಮೆಂಟು," ಎಂದು ಅವಳು ಹಳೇ ಟೂತ್‌ಬ್ರಷ್ ಮತ್ತು ಸೋಡಾಪುಡಿ ಕಲಸಿದ ಬಿಸಿನೀರು ತಂದಳು. ಬ್ಯಾಟರಿಯ ಮೇಲೆ ಬಗ್ಗಿ ಉಜ್ಜತೊಡಗಿದಳು. ಕೂದಲೆಳೆಯೊಂದು ಕಣ್ಣಿಗೆ ಬಿತ್ತು. ಒದ್ದೆ ಕೈ ಬಳಸದೆ ಮೊಣಕೈಯಿಂದ ಅದನ್ನು ತಳ್ಳಿ, ಆ ಮೊಣಕೈ ಸಂದಿಯಿಂದ ನನ್ನನ್ನು ನೋಡಿದಳು. ಮೀಟರು ಕೈಯಿಂದ ಜಾರುವುದರಲ್ಲಿತ್ತು.

"ಮೆತ್ತಗೆ ಉಜ್ಜಿ ಡಾಕ್ಟ್ರೇ, ಪೇಷೆಂಟಿಗೆ ನೋಯುತ್ತೆ."

"ನೋಯೋಕೆ ಜೀವ ಇರ್ಬೇಕು ಕಣ್ರೀ. ಕೆಲವರಿಗೆ ಅದೇ ಇರಲ್ಲ." ಅಪ್ಪನ ಮುಂದೆ ನನಗೆ ಬಹುವಚನ. ಏಟು ಮಾತ್ರ ಏಕವಚನದ್ದೇ.

ಉಜ್ಜಿದ ಮೇಲೂ ಟಿಕ್ ಟಿಕ್ಕೇ. ಬ್ಯಾಟರಿಯ ಪಕ್ಕೆ ಉಬ್ಬಿತ್ತು, ಬದಲಾಯಿಸದೆ ದಾರಿಯಿರಲಿಲ್ಲ.

"ಹೊಸದು ಹಾಕಿದ್ರೂ ಹೀಗೇ ಸತ್ರೆ?" ಎಂದರು ಅವಳಪ್ಪ. "ಕಾರಣ ಹೇಳಪ್ಪಾ."

ಕಾರಣ ನನಗೆ ಗೊತ್ತಿತ್ತು. ಸಣ್ಣ ಮನೆ, ಗೋಡೆಗೆಲ್ಲ ಜೊತೆಗಿದ್ದ ಅವಳ ಚಿಕ್ಕಮ್ಮನ ಕಿವಿ. ಹಾಗಾಗಿ ದಿನಾ ಸಂಜೆ ಅವಳು ಕಾರಿನ ಗಾಜು ಏರಿಸಿ, ಎಂಜಿನ್ ಹೊತ್ತಿಸದೆ ಚಾವಿ ಅರ್ಧ ತಿರುಗಿಸಿ, ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿ ನನ್ನ ಜೊತೆ ಮಾತಿಗೆ ಕೂರುತ್ತಿದ್ದಳು. ಬ್ಯಾಟರಿಯನ್ನು ಹಿಂಡಿ ಹಿಪ್ಪೆ ಮಾಡಿದವರು ನಾವಿಬ್ಬರೇ.

ಬಾಯಿ ಬಿಡಲು ಇದಕ್ಕಿಂತ ಹದವಾದ ಗಳಿಗೆ ಸಿಗುತ್ತಿರಲಿಲ್ಲ. ಅವಳ ಬ್ರಷ್ಷೂ ನಿಂತು ಕಾಯುತ್ತಿತ್ತು.

"ವಯಸ್ಸಾಗಿತ್ತು ಸರ್."

"ಇನ್ನೇನೂ ಇಲ್ವಾ?"

"ಇನ್ನೇನೂ... ಇಲ್ಲ."

ಬ್ರಷ್ಷು ಬಕೆಟ್ಟಿಗೆ ಬಿತ್ತು. ಆಮೇಲೆ ಅವಳು ನನ್ನ ಕಡೆ ತಿರುಗಲಿಲ್ಲ.

ಹೊಸ ಬ್ಯಾಟರಿ ತಂದೆ. ಹಳೆಯದರ ಕಪ್ಪು ವೈರು ಮೊದಲು ಬಿಚ್ಚಿ, ಆಮೇಲೆ ಕೆಂಪು. ಹೊಸದಕ್ಕೆ ಕೆಂಪು ಮೊದಲು, ಕಪ್ಪು ಕೊನೆಗೆ. ಕೈ ತನ್ನ ಪಾಡಿಗೆ ಸರಿಯಾಗಿಯೇ ಮಾಡಿತು. ಎದೆ ಮಾತ್ರ ಕೆಂಪು ಕಪ್ಪು ಎರಡೂ ತಾಗಿದ ಹಾಗೆ ಚಟಪಟ ಅನ್ನುತ್ತಿತ್ತು. ಅವಳು ಡ್ರೈವರ್ ಸೀಟಿನಲ್ಲಿ ಕೂತು, ಗಾಜಿನಾಚೆ ನಾನಿಲ್ಲವೇ ಇಲ್ಲ ಎಂಬಂತೆ ಫೋನು ನೋಡುತ್ತಿದ್ದಳು. ಸಂಜೆ ಬರುತ್ತದೆ, ನಾನು ಯಾರಿಗೆ ಫೋನ್ ಮಾಡಲಿ?

"ಕಾಫಿ ತರ್ತೀನಿ," ಎಂದು ಅವಳಪ್ಪ ಒಳನಡೆದರು. ಬಾಗಿಲಲ್ಲಿ ತಿರುಗಿ, "ಚಾವಿ ಪೂರ್ತಿ ಬೇಡಮ್ಮಾ, ಅರ್ಧ ಸಾಕು. ನಿಂಗೆ ಅಭ್ಯಾಸ ಇದೆಯಲ್ಲ," ಅಂದರು.

ಅವಳ ಮುಖದ ಬಣ್ಣ ಹಾರಿತು. ಚಾವಿ ತಿರುಗಿತು. ಮರುಕ್ಷಣವೇ ರಿಂಗು, ಅವಳು ಗುಂಡಿ ಒತ್ತಿದಳು. ಗಾಜು ಏರಿಸಿದ ಕಾರು ಇಡೀ ಅಂಗಳಕ್ಕೆ ಕೇಳುವಂತೆ ಮಾತಾಡತೊಡಗಿತು. ನನ್ನ ದನಿಯಲ್ಲಿ!

"ಹಲೋ ಡಾಕ್ಟ್ರೇ, ಕಾಫಿ ಆಯ್ತಾ? ನಿಮ್ಮಪ್ಪನ ಹತ್ರ ನಾನು ಇವತ್ತೂ ಏನೂ ಹೇಳಲ್ಲ. ಹೆದರಿಕೆ ಆಗುತ್ತೆ. ಬೇಕಾದ್ರೆ ಅವರ ಮಿಮಿಕ್ರಿ ಮಾಡ್ತೀನಿ, ಹ್ಹೆ ಹ್ಹೆ..."

ನನ್ನ ಬಾಯಿ ಮುಚ್ಚಿತ್ತು. ಆದರೂ ನಾನು ಮಾತಾಡುತ್ತಿದ್ದೆ, ನನ್ನ ಆ ಕಳ್ಳ ನಗುವಿನ ಸಮೇತ.

ಬಾಗಿಲಲ್ಲಿ ಅವಳಪ್ಪ, ಕಿವಿಯಲ್ಲಿ ಫೋನು, ಬಾಯಲ್ಲಿ ನನ್ನ ದನಿ. ಫೋನಿಳಿಸಿ ತಮ್ಮ ದನಿಗೆ ಬಂದರು. "ದಿನಾ ಸಂಜೆ ಈ ಕಾರಿನ ಪಕ್ಕದ ಗಿಡಕ್ಕೆ ನೀರು ಹಾಕೋನು ಯಾರು ಅಂದ್ಕೊಂಡೆ? ನಿನ್ನ ಪ್ರೋಗ್ರಾಂ ಒಂದೂ ತಪ್ಪಿಸಿಲ್ಲ ನಾನು. ನನ್ನನ್ನ ಸುಮಾರಾಗೇ ಮಾಡ್ತೀಯ. ಆದ್ರೆ ‘ಗಮನಿಸಿ’ ಅಂದ್ಮೇಲೆ ನಾನು ಉಸಿರು ತಗೋತೀನಿ ಕಣಪ್ಪಾ. ನೀನು ತಗೊಳ್ಳಲ್ಲ. ಈಗ ತಗೋ. ಬ್ಯಾಟರಿ ಯಾಕೆ ಸತ್ತಿತು?"

ಉಸಿರು ತೆಗೆದುಕೊಂಡೆ.

"ನಾವಿಬ್ರೂ ಮಾತಾಡಿ ಮಾತಾಡಿ ಸತ್ತಿತು ಸರ್. ನಿಮ್ಮ ಮಗಳು ನಂಗಿಷ್ಟ. ಅವಳು ಒಪ್ಪಿದ್ರೆ, ನೀವು ಒಪ್ಪಿದ್ರೆ, ಮನೆಯೊಳಗೇ ಕೂತು ಅವಳ ಜೊತೆ ಮಾತಾಡ್ಬೇಕು. ಇರೋವರೆಗೂ."

ದನಿ ಒಡೆದಿತ್ತು, ತೆಳ್ಳಗಿತ್ತು, ಕೊನೆಯಲ್ಲಿ ಒಂದು ಬಿಕ್ಕಳಿಕೆಯೂ ಸೇರಿತ್ತು.

ಅವರು ಹುಬ್ಬು ಗಂಟಿಕ್ಕಿ ಮಗಳನ್ನು ಕೇಳಿದರು, "ಇದು ಯಾರ ದನಿ ಮಗಳೇ? ಕೇಳಿದ ಹಾಗೇ ಇಲ್ವಲ್ಲ?"

ಅವಳು ಕಾರಿನಿಂದಿಳಿದು ಬಂದು, ಗ್ರೀಸು ಮೆತ್ತಿದ ನನ್ನ ಕೈಯನ್ನು ಹಾಗೆಯೇ ಹಿಡಿದಳು. "ಅವನದೇ ಅಪ್ಪಾ. ನಾನೂ ಇವತ್ತೇ ಕೇಳ್ತಿರೋದು."

ಅಪ್ಪ ಫಕ್ಕನೆ ನಕ್ಕರು. ಅವಳು ನನ್ನ ಭುಜಕ್ಕೆ ಹಣೆಯೊತ್ತಿ ನಕ್ಕಳು. ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಅವರಿಬ್ಬರಿಗಿಂತ ಜೋರಾಗಿ ನಕ್ಕವನು ನಾನು.