ಖಾಲಿ ಕುರ್ಚಿಗಳ ಲೆಕ್ಕ

"ಅಲ್ಲೇ ನಿಲ್ಲಿ! ಒಂದು ಹೆಜ್ಜೆಯೂ ಕದಲಬೇಡಿ!"

ಮಾನಸ ಹಿಂದಿಯಲ್ಲಿ ಕೂಗಿದ ರಭಸಕ್ಕೆ ಡೆಕ್ ಮೇಲಿದ್ದವರೆಲ್ಲ ಬೆಚ್ಚಿಬಿದ್ದರು. ಯಾರಿಗೆ ಹೇಳಿದಳೋ ಅವನು ಮಾತ್ರ ಮೊಬೈಲನ್ನು ಕಿವಿಗೊತ್ತಿಕೊಂಡು, ಸಿಗ್ನಲ್ ಹುಡುಕುತ್ತ, ನದಿ ದಾಟಿಸುವ ಆ ಹೊಸ ಫೆರಿಯ ಈ ಬದಿಯಿಂದ ಆ ಬದಿಗೆ ಆರಾಮವಾಗಿ ನಡೆದುಹೋದ.

ಬೆಳಗಿನಿಂದ ಪಟ್ಟ ಪಾಡೆಲ್ಲ ನೀರುಪಾಲಾಯಿತು.

ಹೊಸ ಹಡಗು ನೀರಿನ ಮೇಲೆ ಎಷ್ಟು ಭದ್ರವಾಗಿ ನಿಲ್ಲುತ್ತದೆಂದು ತಿಳಿಯಲು ಒಂದು ಪರೀಕ್ಷೆಯಿದೆ. ಕಬ್ಬಿಣದ ತೂಕಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಹಡಗು ಎಷ್ಟು ವಾಲಿತೆಂಬುದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ ಗುಂಡು ತೋರಿಸುತ್ತದೆ. ಆ ಹೊತ್ತಿನಲ್ಲಿ ಮೇಲಿರುವವರೆಲ್ಲ ಗೊಂಬೆಗಳ ಹಾಗೆ ನಿಂತಿರಬೇಕು. ಇವನೋ, ಗುಂಡು ಓಲಾಡುತ್ತಿದ್ದರೂ ಫೋನಿನಲ್ಲಿ ಕನ್ನಡದಲ್ಲಿ ಗೊಣಗುತ್ತಿದ್ದ.

"ಎಂಥ ಬಜಾರಿ ಕಣೋ ಇವಳು..."

ಕೋಲ್ಕತಾದಲ್ಲಿ ತನ್ನ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಭಂಡ ಧೈರ್ಯ.

"ಹೌದ್ರೀ, ಬಜಾರೀನೇ," ಎಂದಳು ಮಾನಸ. "ಮೊದಲ ಕೆಳಗ ಇಳೀರಿ. ನಿಮ್ಮ ದಯಾದಿಂದ ಪರೀಕ್ಷಾ ಮತ್ತ ಮೊದಲಿಂದ ಮಾಡಬೇಕಾತು."

ಅವನ ಮುಖ ಕೆಂಪಾಯಿತು. ಆದರೂ ಕ್ಷಮೆ ಕೇಳಲಿಲ್ಲ, ಇಳಿದು ಹೋದ.

ಅವನು ಮಿಥುನ್. ಹಡಗಿನ ಲೆಕ್ಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಕಳಿಸಿದ್ದ ಹುಡುಗ. ಮಾನಸ ಧಾರವಾಡದ ಶರಣಪ್ಪನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕೋಲ್ಕತಾ. ಹಡಗು ಸಂಶೋಧನಾ ಕೇಂದ್ರದಲ್ಲಿ ಅವಳದು ವರ್ಷ ವರ್ಷ ಮುಂದುವರಿಸಬೇಕಾದ ತಾತ್ಕಾಲಿಕ ಕೆಲಸ. ಇಬ್ಬರಿಗೂ ಕೂತು ಕೆಲಸ ಮಾಡಲು ಒಂದೇ ಕೋಣೆ ಕೊಟ್ಟ ಪುಣ್ಯಾತ್ಮ ಯಾರೋ ಕಾಣೆ.

ಅಂದಿನಿಂದ ಜಗಳವೋ ಜಗಳ. ಫ್ಯಾನಿಗೆ ಜಗಳ, ಪ್ರಿಂಟರಿಗೆ ಜಗಳ. ಮನೆಯ ಹೊರಗೆ ಕನ್ನಡದಲ್ಲಿ ಬೈಯುವ ಅವಕಾಶ ಮಾನಸಳಿಗೆ ಜೀವಮಾನದಲ್ಲೇ ಸಿಕ್ಕಿರಲಿಲ್ಲ. ಈಗ ಅದರ ರುಚಿ ಹತ್ತಿತ್ತು. ಅವನು ಒಂದು ದಿನ ತಡವಾಗಿ ಬಂದರೆ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂದು, ಅವನು ಬಂದೊಡನೆ ಎರಡರಷ್ಟು ಬೈಯುತ್ತಿದ್ದಳು.

ಆದರೆ ಒಂದು ದಿನ ಕೇಂದ್ರದ ಮೀಟಿಂಗ್‌ನಲ್ಲಿ ನಡೆದದ್ದು ಅಂಥ ಜಗಳವಲ್ಲ.

ಆ ಎರಡಂತಸ್ತಿನ ಫೆರಿ ದುರ್ಗಾಪೂಜೆಯ ಹೊತ್ತಿಗೆ ಹೂಗ್ಲಿ ನದಿಗೆ ಇಳಿಯಬೇಕಿತ್ತು. ಜನ ಒಂದೇ ಬದಿಗೆ ನುಗ್ಗಿದರೆ ಅದು ಅಪಾಯಕಾರಿಯಾಗಿ ವಾಲುತ್ತದೆ, ಮೇಲಂತಸ್ತು ತೆಗೆಯಲೇಬೇಕು ಎಂದು ಮಾನಸ ವರದಿ ಕೊಟ್ಟಿದ್ದಳು. ಏನೂ ಆಗುವುದಿಲ್ಲ ಎಂದಿತು ಮಿಥುನ್‌ನ ಪ್ರೋಗ್ರಾಂ.

"ಹಾಗಾದರೆ ತಪ್ಪು ಯಾರದು?" ನಿರ್ದೇಶಕ ಲಕ್ಷ್ಮೀನಾರಾಯಣ ಕೇಳಿದರು.

"ಪ್ರೋಗ್ರಾಂ ಸರಿಯಾಗಿದೆ ಸರ್," ಎಂದ ಮಿಥುನ್. "ಪರೀಕ್ಷೆಯ ದಿನ ಡೆಕ್ ಮೇಲೆ ಗಲಾಟೆ ಆಗಿತ್ತು. ಅವರ ರೀಡಿಂಗ್ ಕೆಟ್ಟಿರಬಹುದು."

ಮಾನಸಳ ಮೈಯೆಲ್ಲ ಉರಿದುಹೋಯಿತು. "ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿದ್ದೇನೆ ಸರ್. ಕೆಡಿಸಿದವರು ಯಾರೆಂದು ಇವರನ್ನೇ ಕೇಳಿ."

ನಿರ್ದೇಶಕರಿಗೆ ಅದನ್ನು ಕೇಳುವ ತಾಳ್ಮೆ ಇರಲಿಲ್ಲ. ಸೋಮವಾರದೊಳಗೆ ವರದಿ ಹಿಂತೆಗೆದುಕೊಳ್ಳದಿದ್ದರೆ ಅವಳ ಕೆಲಸ ಮುಂದುವರಿಯುವುದಿಲ್ಲ ಎಂದುಬಿಟ್ಟರು.

ಕೆಲಸ ಹೋದರೆ ಹೋಗಲಿ, ತುಂಬಿದ ಫೆರಿ ನಡುನೀರಲ್ಲಿ ಮಗುಚಿದರೆ? ಇಷ್ಟೆಲ್ಲ ಸಂಕಟದ ನಡುವೆಯೂ... ಅವನು ಹೀಗೆ ಹೇಳಿಬಿಟ್ಟನಲ್ಲ ಎಂಬುದೇ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ವಿಶ್ವಕರ್ಮ ಪೂಜೆಯ ಮರುದಿನ ಮಾನಸ ಕೋಣೆಗೆ ಬಂದಾಗ ಅವನ ಕಂಪ್ಯೂಟರಿನ ಪರದೆಯ ಮೇಲೆ ಫೆರಿಯ ಚಿತ್ರವಿತ್ತು. ಪ್ರತಿ ಕುರ್ಚಿಯ ಮೇಲೂ ಒಂದೊಂದು ಚುಕ್ಕಿ.

"ಏನಿವು?"

"ಪ್ರಯಾಣಿಕರು."

"ಎಲ್ಲಾರೂ ಕೂತೇ ಇರ್ತಾರೇನು?"

"ಕುರ್ಚಿ ಇರೋದೇ ಕೂರೋಕೆ ಅಲ್ವಾ?"

ಮಾನಸ ಅವನನ್ನೇ ದಿಟ್ಟಿಸಿ ನೋಡಿದಳು. ಅಯ್ಯೋ... ಈ ಮನುಷ್ಯ ಒಮ್ಮೆಯೂ ಈ ಊರಿನ ಫೆರಿ ಹತ್ತಿಲ್ಲ. "ಏಳ್ರಿ. ನನ್ನ ಜೋಡಿ ಬರ್ರಿ."

"ಯಾಕೆ, ನದಿಗೆ ತಳ್ಳೋಕಾ?"

"ಅದನ್ನ ಆಮ್ಯಾಲೆ ವಿಚಾರ ಮಾಡೋಣು."

ಬಾಬುಘಾಟ್‌ನಿಂದ ಹೊರಟ ಹಳೆಯ ಫೆರಿಯಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡು ನಿಂತರು. ನದಿಯ ನಡುವೆ ಬರುವಷ್ಟರಲ್ಲಿ ದಡದಿಂದ ಢಾಕ್ ವಾದ್ಯದ ಸದ್ದು ಕೇಳಿತು. ಯಾವುದೋ ಕಾರ್ಖಾನೆಯವರು ವಿಶ್ವಕರ್ಮನ ಮೂರ್ತಿಯನ್ನು ನೀರಿಗೆ ಬಿಡುತ್ತಿದ್ದರು. ಕೂತವರು ನಿಂತವರೆನ್ನದೆ ಎಲ್ಲರೂ ಕೈಮುಗಿಯಲು ಆ ಬದಿಗೆ ನುಗ್ಗಿದರು.

ಫೆರಿ ಸರ್ರನೆ ವಾಲಿತು. ಮಿಥುನ್ ಆಯತಪ್ಪಿ ಜಾರಿದ. ಮಾನಸ ಅವನ ಅಂಗಿಯನ್ನು ಹಿಡಿದು ಎಳೆದುಕೊಂಡಳು. ಅವನ ಎದೆ ಡವಡವ ಹೊಡೆದುಕೊಳ್ಳುವುದು ಅವಳ ಮುಷ್ಟಿಗೆ ತಾಗುತ್ತಿತ್ತು.

"ಈಗ ನೋಡ್ರಿ," ಎಂದಳು. "ಎಲ್ಲಿದ್ದಾರ ನಿಮ್ಮ ಪ್ರಯಾಣಿಕರು?"

ಅವನು ಹಿಂತಿರುಗಿ ನೋಡಿದ. ಸಾಲು ಸಾಲು ಕುರ್ಚಿಗಳು ಖಾಲಿ ಬಿದ್ದಿದ್ದವು. ಕೆಳಗಿನ ಅಂತಸ್ತೊಂದೇ ಇದ್ದ ಹಳೆಯ ಫೆರಿ ಇಷ್ಟು ವಾಲಿದರೆ, ಹೊಸದು?

ದಡ ಮುಟ್ಟಿದೊಡನೆ ಅವನು ಅವಳ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಅಹಂಕಾರ, ಇನ್ನೇನು! ಇಂಥವನ ಅಂಗಿ ಹಿಡಿದ ಕೈ ಇನ್ನೂ ಬೆಚ್ಚಗಿದೆಯಲ್ಲ ಎಂದು ಮಾನಸ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಸೋಮವಾರದ ಮೀಟಿಂಗ್‌ನಲ್ಲಿ, ವರದಿ ಹಿಂತೆಗೆಯುವುದಿಲ್ಲ ಎಂದು ಹೇಳಲು ಅವಳು ಎದ್ದು ನಿಲ್ಲುವ ಮೊದಲೇ ಮಿಥುನ್ ಎದ್ದಿದ್ದ.

"ತಪ್ಪು ನನ್ನದು ಸರ್. ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಲೆಕ್ಕ ಹಾಕಿದ್ದೆ. ಒಂದೇ ಬದಿಗೆ ಸರಿಸಿ ನೋಡಿದಾಗ ಮಾನಸ ಅವರ ವರದಿಯಲ್ಲಿದ್ದ ಉತ್ತರವೇ ಬಂತು. ಮೇಲಂತಸ್ತು ತೆಗೆಯಲೇಬೇಕು. ಆ ದಿನ ಪರೀಕ್ಷೆ ಕೆಡಿಸಿದ್ದೂ ನಾನೇ."

ನಿರ್ದೇಶಕರು ತಲೆ ಹಿಡಿದುಕೊಂಡು ಕೂತರು. ಕೊನೆಗೆ ಮೇಲಂತಸ್ತು ತೆಗೆಯಲು ಒಪ್ಪಿದರು. ಮಾನಸಳ ಕೆಲಸ ಉಳಿಯಿತು. ಸಂಜೆಯೊಳಗೆ ಬೆಂಗಳೂರಿನಿಂದ ಮಿಥುನ್‌ಗೆ ವಾಪಸ್ ಬರಲು ಆದೇಶ ಬಂತು.

ಅವನು ಬ್ಯಾಗು ತುಂಬುತ್ತಿದ್ದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಪರ ಮಾತಾಡ್ರಿ ಅಂತ ನಿಮಗ ಯಾರು ಹೇಳಿದ್ರು?"

"ನಿಮ್ಮ ಪರ ಮಾತಾಡಲಿಲ್ಲ. ಲೆಕ್ಕ ಸರಿಮಾಡಿದೆ, ಅಷ್ಟೆ."

ಆ ಮಾತು ಅವಳಿಗೆ ಚುಚ್ಚಿತು. "ಹಂಗಾದ್ರ ಹೋಗ್ರಿ ನಿಮ್ಮ ಬೆಂಗಳೂರಿಗೆ. ಯಾರೂ ಅಳೂದಿಲ್ಲ ಇಲ್ಲೆ." ಅನ್ನುತ್ತಿದ್ದಂತೆಯೇ ಕಣ್ಣುಗಳು ತುಂಬಿ ಬಂದವು. ಥೂ, ಇವೂ ಇವತ್ತೇ ತುಂಬಬೇಕಿತ್ತೇ?

ಮಿಥುನ್ ಬ್ಯಾಗು ಕೆಳಗಿಟ್ಟ.

"ನಿಮ್ಮ ಪರ ಮಾತಾಡೋದು ಇನ್ನೂ ಬಾಕಿ ಇದೆ, ಮಾನಸ. ಅದಕ್ಕೆ ನಿಮ್ಮಪ್ಪನ ಹತ್ರ ಬಂದು ಹೆಣ್ಣು ಕೇಳ್ಬೇಕು ಅಂತ... ಬೇಡ ಅಂದ್ರೆ ಈಗಲೇ ಹೇಳಿಬಿಡಿ."

ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ನಮ್ಮಪ್ಪಾಜಿ ಬಾಳ ಸಿಟ್ಟಿನ ಮನಷ್ಯಾ."

"ನಿಮಗಿಂತಾನಾ?"

"ನಾನೇನು ಸಿಟ್ಟಿನಾಕಿ ಅಲ್ಲ." ಅವನು ಪೆಚ್ಚಾದದ್ದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. "ರಾತ್ರಿ ಊಟಕ್ಕ ಬರ್ರಿ. ಅಪ್ಪಾಜಿ ಏನ ಬೈದ್ರೂ ನಡುವ ಎದ್ದು ಹೋಗಬ್ಯಾಡ್ರಿ."

"ಬೈಸಿಕೊಳ್ಳೋದು ಅಭ್ಯಾಸ ಆಗಿದೆ," ಎಂದ ಮಿಥುನ್ ಮೆಲ್ಲಗೆ. "ಇನ್ಮೇಲೆ ಅದಿಲ್ಲದೆ ಇರೋದೇ ಕಷ್ಟ."